ಮೈಕ್ ಹಿಡಿಯುವ ಮೊದಲು ನೋಟ್‌ಬುಕ್ ಹಿಡಿಯಿರಿ

ವೀಕ್ಷಕ ವಿವರಣೆಗಾರರಾಗುವ ಆಸೆ ಹೊತ್ತ ಯುವಕ ಯುವತಿಯರು ಮೊದಲು ಕೇಳುವುದು ಕಂಠದ ಬಗ್ಗೆ. ಆದರೆ ಈ ವೃತ್ತಿಯಲ್ಲಿ ಕಂಠಕ್ಕಿಂತ ಮುಂಚೆ ಪಳಗಬೇಕಾದದ್ದು ಕಣ್ಣು. ಕ್ರಿಕೆಟ್ ವಿವರಣೆಗೆ ಹೆಸರಾದ ರಿಚಿ ಬೆನೊ ಆಸ್ಟ್ರೇಲಿಯಾ ತಂಡದಲ್ಲಿ ಆಡುತ್ತಿದ್ದಾಗಲೇ ಸಿಡ್ನಿಯ ಪತ್ರಿಕೆಯೊಂದಕ್ಕೆ ಪೊಲೀಸ್ ಸುದ್ದಿಗಳನ್ನು ವರದಿ ಮಾಡುತ್ತಿದ್ದರು. 1956ರಲ್ಲಿ ಬಿಬಿಸಿಯಲ್ಲಿ ತರಬೇತಿ ಪಡೆದರು. ಫುಟ್‌ಬಾಲ್ ವಿವರಣೆಗಾರ ಜಾನ್ ಮಾಟ್ಸನ್ ಕೂಡ ಸ್ಥಳೀಯ ಪತ್ರಿಕೆಯ ವರದಿಗಾರರಾಗಿಯೇ ವೃತ್ತಿ ಆರಂಭಿಸಿದವರು.

ಹೀಗಾಗಿ ಮೊದಲ ಹೆಜ್ಜೆ ವರದಿಗಾರಿಕೆ. ಹತ್ತಿರದ ಮೈದಾನದಲ್ಲಿ ನಡೆಯುವ ಯಾವುದಾದರೂ ಸಣ್ಣ ಪಂದ್ಯಕ್ಕೆ ಹೋಗಿ. ಆಟ ಮುಗಿದ ಅರ್ಧ ಗಂಟೆಯೊಳಗೆ ಇನ್ನೂರು ಪದಗಳ ವರದಿ ಬರೆದು ಮುಗಿಸಿ. ಗೆದ್ದವರು ಯಾರು, ಎಷ್ಟರಿಂದ, ಪಂದ್ಯ ತಿರುಗಿದ್ದು ಎಲ್ಲಿ ಎಂಬುದು ಮೊದಲ ಎರಡು ವಾಕ್ಯಗಳಲ್ಲೇ ಇರಲಿ. ಹೆಸರುಗಳನ್ನು ಆಟಗಾರರನ್ನೇ ಕೇಳಿ ಬರೆದುಕೊಳ್ಳಿ. ಹೊಸದರಲ್ಲಿ ನಾನು ಅಣ್ಣ ಹೊಡೆದ ಗೋಲನ್ನು ಅದೇ ತಂಡದಲ್ಲಿದ್ದ ತಮ್ಮನ ಹೆಸರಿಗೆ ಬರೆದಿದ್ದೆ. ಮರುದಿನ ತಿದ್ದುಪಡಿ ಅಚ್ಚಾಯಿತು. ಆದರೆ ಆ ಹುಡುಗ ಕತ್ತರಿಸಿ ಇಟ್ಟುಕೊಳ್ಳಬೇಕಿದ್ದ ಸುದ್ದಿ ಹಾಳಾಗಿಹೋಗಿತ್ತು. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಸುದ್ದಿಮನೆ ಸೇರಿದ ಮೇಲೆ ಕ್ರೀಡಾ ಪುಟವನ್ನಷ್ಟೇ ಬಯಸಬೇಡಿ. ನ್ಯಾಯಾಲಯ, ಅಪರಾಧ, ಆಡಳಿತ, ಯಾವ ಬೀಟ್ ಕೊಟ್ಟರೂ ಮಾಡಿ. ಉದ್ದೀಪನ ಮದ್ದಿನ ಪ್ರಕರಣವನ್ನೋ ಕ್ರೀಡಾ ಸಂಸ್ಥೆಯ ಹಣದ ಲೆಕ್ಕವನ್ನೋ ಬಿಡಿಸಿ ಹೇಳಬೇಕಾದಾಗ ಆ ಅನುಭವವೇ ಕೈಹಿಡಿಯುತ್ತದೆ.

ಎರಡನೆಯದು ವಿವರಣೆಯ ಅಭ್ಯಾಸ. ಟಿ.ವಿ.ಯ ಧ್ವನಿ ನಿಲ್ಲಿಸಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುತ್ತಾ ಹತ್ತು ನಿಮಿಷ ಬಿಡದೆ ಹೇಳಿ. ಆಮೇಲೆ ಕಣ್ಣು ಮುಚ್ಚಿ ಕೇಳಿ. ‘ಅದ್ಭುತ ಹೊಡೆತ!’ ಎಂದಿದ್ದರೆ ಬಾನುಲಿ ಕೇಳುಗನಿಗೆ ಏನೂ ಕಂಡಿರುವುದಿಲ್ಲ. ‘ಎಡಗಾಲಿನಿಂದ ಒದ್ದ ಚೆಂಡು ಗೋಲ್‌ಕೀಪರ್‌ನ ಬೆರಳ ತುದಿ ಸವರಿ ಬಲಗಂಬಕ್ಕೆ ಬಡಿಯಿತು’ ಎಂದರೆ ಕಾಣುತ್ತದೆ. 1927ರಲ್ಲಿ ಬಿಬಿಸಿ ಮೊದಲ ಬಾರಿಗೆ ಫುಟ್‌ಬಾಲ್ ಪಂದ್ಯವನ್ನು ನೇರ ಪ್ರಸಾರ ಮಾಡಿದಾಗ ಎಂಟು ಚೌಕಗಳಾಗಿ ವಿಂಗಡಿಸಿದ ಮೈದಾನದ ನಕ್ಷೆಯನ್ನು ಮುಂಚಿತವಾಗಿಯೇ ಅಚ್ಚು ಹಾಕಿಸಿ ಕೇಳುಗರಿಗೆ ತಲುಪಿಸಿತ್ತು. ಚೆಂಡು ಯಾವ ಚೌಕದಲ್ಲಿದೆ ಎಂದು ಹೇಳಲು ಇನ್ನೊಂದು ಧ್ವನಿಯೇ ಇತ್ತು. ಚೆಂಡು ಎಲ್ಲಿದೆ ಎಂಬುದು ಅಷ್ಟು ಮುಖ್ಯ.

ಅಮೆರಿಕದ ಬೇಸ್‌ಬಾಲ್ ವಿವರಣೆಗಾರ ರೆಡ್ ಬಾರ್ಬರ್ ತಮ್ಮ ಮುಂದೆ ಮೂರು ನಿಮಿಷದ ಮರಳು ಗಡಿಯಾರ ಇಟ್ಟುಕೊಳ್ಳುತ್ತಿದ್ದರು. ಮರಳು ಪೂರ್ತಿ ಇಳಿದಾಗಲೆಲ್ಲ ಸ್ಕೋರ್ ಹೇಳಿ ಅದನ್ನು ತಿರುಗಿಸಿಡುವುದು ಅವರ ರೂಢಿ. ಆಗಷ್ಟೇ ರೇಡಿಯೊ ಹಚ್ಚಿದವರಿಗೆ ಸ್ಕೋರ್ ತಿಳಿಯದಿದ್ದರೆ ಉಳಿದ ಮಾತೆಲ್ಲ ವ್ಯರ್ಥ. ಅವರ ಗರಡಿಯಲ್ಲಿ ಪಳಗಿದ ವಿನ್ ಸ್ಕಲ್ಲಿ 1950ರಿಂದ 2016ರವರೆಗೆ, 67 ಋತುಗಳ ಕಾಲ, ಡಾಡ್ಜರ್ಸ್ ತಂಡದ ಪಂದ್ಯಗಳಿಗೆ ಧ್ವನಿಯಾದರು. ನಿಮ್ಮ ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಂಡರೂ ಸಾಕು. ಟಿ.ವಿ.ಗೆ ಮಾತ್ರ ಮಾತು ಇಳಿಸಬೇಕು; ಕಣ್ಣೆದುರು ಕಾಣುವುದನ್ನೇ ಮತ್ತೆ ಹೇಳಿದರೆ ವೀಕ್ಷಕ ಬೇಸರಪಡುತ್ತಾನೆ.

ಪಂದ್ಯದ ಹಿಂದಿನ ದಿನವೇ ಒಂದು ಹಾಳೆ ಸಿದ್ಧವಾಗಲಿ. ಜೆರ್ಸಿ ಸಂಖ್ಯೆ, ಹೆಸರಿನ ಸರಿಯಾದ ಉಚ್ಚಾರ, ಪ್ರತಿ ಆಟಗಾರನ ಬಗ್ಗೆ ಒಂದೆರಡು ಸಂಗತಿ. ಇದರಲ್ಲಿ ಬಹುಪಾಲು ಬಳಕೆಗೆ ಬರುವುದಿಲ್ಲ, ಆದರೂ ಮಾಡಿ. ಮಳೆ ಬಂದು ಆಟ ನಿಂತಾಗ ಅದೇ ಆಸರೆ.

ಇನ್ನು ಕೆಲಸ ಹುಡುಕುವ ಮಾತು. ಎರಡು ಮೂರು ನಿಮಿಷದ ಧ್ವನಿ ಮಾದರಿ ಸಾಕು. ನಿಮ್ಮ ಅತ್ಯುತ್ತಮ ಭಾಗವನ್ನು ಮೊದಲೇ ಇಡಿ, ಏಕೆಂದರೆ ನಿರ್ಮಾಪಕರು ಕೊನೆಯವರೆಗೆ ಕೇಳುತ್ತಾರೆಂಬ ಭರವಸೆಯಿಲ್ಲ. ವಿಶ್ಲೇಷಕರ ಕುರ್ಚಿಗೆ ಸಾಮಾನ್ಯವಾಗಿ ಮಾಜಿ ಆಟಗಾರರೇ ಬರುತ್ತಾರೆ. ಆಡದೆ ಬಂದವರಿಗೆ ಹೆಚ್ಚು ತೆರೆದಿರುವುದು ಆಟವನ್ನು ಕ್ಷಣಕ್ಷಣಕ್ಕೂ ವಿವರಿಸುವ ಜಾಗ, ನಿರೂಪಣೆ, ಮೈದಾನದಂಚಿನ ವರದಿ. ಅಂಕಿಅಂಶ ಒದಗಿಸುವ ಸಹಾಯಕರಾಗಿ ಕರೆದರೂ ಹೋಗಿ. ಆ ಕೋಣೆಯೊಳಗೆ ಕೂರುವುದೇ ದೊಡ್ಡ ಪಾಠ. ಆರಂಭದಲ್ಲಿ ಸಂಭಾವನೆ ಅನೇಕ ಬಾರಿ ಪಂದ್ಯಕ್ಕಿಷ್ಟು ಎಂದು ಸಿಗುತ್ತದೆ. ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ಮನೆ ನಡೆಸುವುದು ವರದಿಗಾರಿಕೆಯೇ. ಮೈಕ್ ಸಿಕ್ಕಿತೆಂದು ಅದನ್ನು ಬಿಡಬೇಡಿ.