ಕ್ವೈಮ್ ಟೆಸ್ಟ್‌ನ ಸ್ಲೈಡ್ ಓದಿದ ದಿನಗಳು

1980ರ ದಶಕದಲ್ಲಿ ನಾನು ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಪೆಥಾಲಜಿ ಕಲಿಯುತ್ತಿದ್ದೆ. ಸಾರ್ಕಾಯಿಡೋಸಿಸ್, ಅಂದರೆ ಶ್ವಾಸಕೋಶ, ಚರ್ಮದಂಥ ಅಂಗಗಳಲ್ಲಿ ಸಣ್ಣ ಗಂಟುಗಳು ಮೂಡುವ ಕಾಯಿಲೆಯ ಅನುಮಾನ ಇದ್ದವರಿಗೆ ಅಲ್ಲಿ ಕ್ವೈಮ್ ಟೆಸ್ಟ್ ಮಾಡುತ್ತಿದ್ದರು. ನಾರ್ವೆಯ ವೈದ್ಯ ಮಾರ್ಟೆನ್ ಕ್ವೈಮ್ 1941ರಲ್ಲಿ ಇದರ ಬಗ್ಗೆ ಬರೆದಿದ್ದರು. ಇದೇ ಕಾಯಿಲೆ ಇರುವ ಬೇರೊಬ್ಬರ ಗುಲ್ಮವನ್ನು ಅರೆದು, ಕಾಯಿಸಿ ತಯಾರಿಸಿದ ದ್ರವವನ್ನು ಮುಂಗೈ ಚರ್ಮದೊಳಕ್ಕೆ ಚುಚ್ಚುತ್ತಿದ್ದರು. ಬರೀ 0.1ರಿಂದ 0.2 ಮಿಲಿ. ನಾಲ್ಕರಿಂದ ಆರು ವಾರ ಬಿಟ್ಟು ಆ ಜಾಗದ ಚರ್ಮ ತೆಗೆದು ನಮಗೆ ಕಳಿಸುತ್ತಿದ್ದರು. ಅಷ್ಟು ದಿನ ಯಾಕೆ ಅಂದರೆ, ಬೇಗ ತೆಗೆದರೆ ಚುಚ್ಚಿದ ವಸ್ತುವಿಗೇ ಚರ್ಮ ಕೆರಳಿರುವುದು ಕಾಣುತ್ತದೆ. ರೋಗಿ ಸ್ಟೆರಾಯ್ಡ್ ತಗೊಳ್ತಿದ್ದರೆ ಏನೂ ಮೂಡದೆಯೂ ಇರಬಹುದು.

ನಾನು ಮೊದಲು ಮೈಕ್ರೋಸ್ಕೋಪಿನ ಕಡಿಮೆ ಪವರ್‌ನಲ್ಲಿ ಇಡೀ ತುಂಡು ನೋಡುತ್ತಿದ್ದೆ. ಒಳಚರ್ಮದಲ್ಲಿ ತೆಳು ಗುಲಾಬಿ ಬಣ್ಣದ ದುಂಡನೆ ಗಂಟುಗಳು ಇದ್ದರೆ ಅಲ್ಲೇ ನಿಲ್ಲುತ್ತಿದ್ದೆ. ಪವರ್ ಜಾಸ್ತಿ ಮಾಡಿದರೆ ಎಪಿಥೀಲಿಯಾಯ್ಡ್ ಕೋಶಗಳು, ಅಂದರೆ ರೂಪ ಬದಲಿಸಿದ ರೋಗನಿರೋಧಕ ಕೋಶಗಳು ಕಾಣುತ್ತವೆ. ಅವುಗಳ ನ್ಯೂಕ್ಲಿಯಸ್ ಉದ್ದಕ್ಕೆ, ನಡುವೆ ಸ್ವಲ್ಪ ಸಣ್ಣಗೆ, ಥೇಟ್ ಚಪ್ಪಲಿ ಅಟ್ಟೆ ಹಾಗೆ. ಒಂದರ ಗಡಿ ಎಲ್ಲಿ ಮುಗಿಯಿತು, ಇನ್ನೊಂದರದು ಎಲ್ಲಿ ಶುರು ಅಂತ ಗೊತ್ತಾಗುವುದಿಲ್ಲ. ನಡುವೆ ಹಲವು ನ್ಯೂಕ್ಲಿಯಸ್‌ಗಳ ದೈತ್ಯ ಕೋಶಗಳು. ಸುತ್ತ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ತುಂಬಾ ಕಡಿಮೆ. ಮಧ್ಯ ಕೊಳೆತು ಮೊಸರುಗಟ್ಟಿದ ಹಾಗೆ ಇರಬಾರದು. ಈ ಗಂಟಿಗೇ ಗ್ರಾನುಲೋಮಾ ಅನ್ನುತ್ತೇವೆ. ಇದು ಸ್ಪಷ್ಟವಾಗಿ ಸಿಕ್ಕರೆ ಟೆಸ್ಟ್ ಪಾಸಿಟಿವ್, ಅಂದರೆ ಸಾರ್ಕಾಯಿಡೋಸಿಸ್ ಅನುಮಾನಕ್ಕೆ ಬಲ ಬಂತು.

ಕಷ್ಟ ಇರುವುದು ಅರೆಬರೆ ಸ್ಲೈಡ್‌ಗಳಲ್ಲಿ. ನಾಲ್ಕಾರು ದೈತ್ಯ ಕೋಶ ಅಲ್ಲಲ್ಲಿ ಚದುರಿವೆ, ಗಂಟು ಮಾತ್ರ ಕಟ್ಟಿಲ್ಲ. ಆಗ ಪೋಲರೈಸರ್ (ಬೆಳಕನ್ನು ಒಂದೇ ದಿಕ್ಕಿನ ಕಂಪನಕ್ಕೆ ಸೀಮಿತ ಮಾಡುವ ಫಿಲ್ಟರ್) ಹಾಕಿ ನೋಡಲೇಬೇಕು. ಕತ್ತಲಲ್ಲಿ ಬಿಳಿ ಚೂರು ಮಿನುಗಿದರೆ ಅಲ್ಲಿ ಹೊರಗಿನ ಕಣ ಸೇರಿದೆ, ಕೋಶಗಳು ಅದನ್ನೇ ಸುತ್ತಿಕೊಂಡಿರಬಹುದು. ಅಂಥದ್ದನ್ನು ಪಾಸಿಟಿವ್ ಅನ್ನಲು ನನಗೆ ಧೈರ್ಯ ಬರುತ್ತಿರಲಿಲ್ಲ.

ಒಮ್ಮೆ ಮೊದಲ ಸೆಕ್ಷನ್ (ಕತ್ತರಿಸಿದ ತೆಳು ಪದರ) ನೋಡಿಯೇ ನೆಗೆಟಿವ್ ಎಂದು ಬರೆದುಬಿಟ್ಟೆ. ನನ್ನ ಸೀನಿಯರ್ ರಿಪೋರ್ಟ್ ತಡೆದು, ಚರ್ಮದ ತುಂಡು ಹುದುಗಿಸಿದ ಮೇಣದ ಬ್ಲಾಕನ್ನು ಇನ್ನೂ ಆಳಕ್ಕೆ ಕತ್ತರಿಸಲು ಹೇಳಿದರು. ಮೂರನೇ ಹಂತದಲ್ಲಿ ಎರಡು ಚೊಕ್ಕ ಗ್ರಾನುಲೋಮಾ ಸಿಕ್ಕವು! ಆ ರೋಗಿಯ ಆರು ವಾರದ ಕಾಯುವಿಕೆ ನನ್ನ ಆತುರದಿಂದ ಹಾಳಾಗುತ್ತಿತ್ತಲ್ವಾ? ಆವತ್ತಿನಿಂದ ಹಂತ ಹಂತವಾಗಿ ಕತ್ತರಿಸದೆ ನೆಗೆಟಿವ್ ಎಂದು ಬರೆದಿಲ್ಲ.

ಮನುಷ್ಯರ ಅಂಗದಿಂದ ಮಾಡಿದ ದ್ರವ, ಸೋಂಕಿನ ಭಯ ಇದ್ದೇ ಇತ್ತು. ಶ್ವಾಸಕೋಶದಿಂದಲೇ ತುಂಡು ತೆಗೆಯುವುದೂ ಸುಲಭವಾಯಿತು. ಟೆಸ್ಟ್ ನಿಂತುಹೋಯಿತು.

ಕರ್ನಾಟಕಕ್ಕೆ ಬಂದ ಮೇಲೆ ನಾನು ಒಂದೂ ಕ್ವೈಮ್ ಸ್ಲೈಡ್ ನೋಡಿಲ್ಲ. ಆದರೆ ಗ್ರಾನುಲೋಮಾ ಇರುವ ಚರ್ಮ ಬರುತ್ತಲೇ ಇರುತ್ತದೆ. ಇಲ್ಲಿ ಕ್ಷಯ, ಕುಷ್ಠ ಎರಡನ್ನೂ ಮೊದಲು ದೂರ ಮಾಡಬೇಕು. ಈಗಲೂ ಆಳದ ಸೆಕ್ಷನ್ ಕೇಳುತ್ತೇನೆ, ಈ ಎರಡೂ ರೋಗದ ಬ್ಯಾಕ್ಟೀರಿಯಾ ತೋರಿಸುವ ಬಣ್ಣ, ಆಸಿಡ್ ಫಾಸ್ಟ್ ಸ್ಟೇನ್ ಹಾಕಿಸುತ್ತೇನೆ. ಆಮೇಲೆ ಗಂಟುಗಳು ನರದ ಜಾಡು ಹಿಡಿದು ಉದ್ದಕ್ಕೆ ಸಾಗಿವೆಯೇ ಎಂದು ಹುಡುಕುತ್ತೇನೆ, ಅದು ಕುಷ್ಠದ ಸುಳಿವು.