ಕಾಲೇಜು ಲ್ಯಾಬಿನಲ್ಲಿ ನ್ಯಾನೋ ದಪ್ಪದ ಸೆಮಿಮೆಟಲ್: ಬೆಳೆಸುವುದು ಹೇಗೆ, ಅಳೆಯುವುದು ಹೇಗೆ?

ಹಾಸನ, ಚಿಕ್ಕಮಗಳೂರು ಕಡೆ ಎಂ.ಎಸ್ಸಿ. ಭೌತಶಾಸ್ತ್ರ ಓದುವವರು ಪ್ರಾಜೆಕ್ಟ್ ಹುಡುಕಲು ಕೂತರೆ ಮೊದಲು ನೆನಪಾಗುವುದು ಗ್ರಾಫೀನ್, ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ಅದರ ಮೇಲಿನ ಪ್ರಯೋಗಗಳಿಗೇ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೋವ್ ಅವರಿಗೆ 2010ರಲ್ಲಿ ನೊಬೆಲ್ ಬಂತು. ಟೇಪಿನಿಂದ ಗ್ರಾಫೈಟ್ ಸುಲಿದರೆ ಸಾಕು, ಅಲ್ವಾ? ಸುಲಿಯುವುದು ಸುಲಭವೇ. ಆದರೆ ಸಿಗುವ ಚೂರು ಸಾಮಾನ್ಯವಾಗಿ ಕೆಲವೇ ಮೈಕ್ರೋಮೀಟರ್ ಅಗಲ. ಅದಕ್ಕೆ ತಂತಿ ಜೋಡಿಸುವ ಸೌಕರ್ಯ ಜಿಲ್ಲಾ ಕೇಂದ್ರದ ಲ್ಯಾಬುಗಳಲ್ಲಿ ಅಪರೂಪ.

ನನ್ನನ್ನು ಕೇಳಿದರೆ ಪ್ಲಾಟಿನಂ ಡೈಸೆಲೆನೈಡ್ ಹಿಡಿಯಿರಿ. ಇದು ಪ್ಲಾಟಿನಂ ಮತ್ತು ಸೆಲೆನಿಯಂ ಸೇರಿದ, ಪದರ ಪದರವಾಗಿರುವ ವಸ್ತು. ಕೆಳಗಿಡುವ ತಟ್ಟೆಯ ತುಂಬ ಬೆಳೆಯುತ್ತದೆ, ಗಾಳಿಯಲ್ಲಿ ಬೇಗ ಕೆಡುವುದಿಲ್ಲ, ಸುಮಾರು 400 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು. ಇನ್ನೂ ಒಂದು ಮಜಾ ಇದೆ. ಒಂದೆರಡು ಪದರ ಇದ್ದಾಗ ಅದು ಸೆಮಿಕಂಡಕ್ಟರ್, ಪದರ ಹೆಚ್ಚಾದರೆ ಸೆಮಿಮೆಟಲ್.

ಮಲೆನಾಡಿನ ಹಳೇ ಮನೆಯ ಅಟ್ಟ ನೋಡಿದ್ದೀರಲ್ಲ. ಸೆಮಿಕಂಡಕ್ಟರಿನಲ್ಲಿ ಎಲೆಕ್ಟ್ರಾನ್ ಏಣಿ ಹತ್ತಿ ಅಟ್ಟಕ್ಕೆ ಹೋದರೆ ಮಾತ್ರ ಓಡಾಟ. ಸೆಮಿಮೆಟಲ್‌ನಲ್ಲಿ ಅಟ್ಟ ಒಂದು ಮೂಲೆಯಲ್ಲಿ ಕುಸಿದು ಕೆಳಮನೆಗೇ ಸೇರಿಕೊಂಡಿದೆ. ಏಣಿ ಬೇಡ. ಆದರೆ ದಾರಿ ಕಿರಿದು, ಓಡಾಡುವವರೂ ಕಡಿಮೆ.

ಮೊದಲು ತಟ್ಟೆ. 300 ನ್ಯಾನೋಮೀಟರ್ ಆಕ್ಸೈಡ್ ಇರುವ ಸಿಲಿಕಾನ್ ತುಂಡನ್ನು ಅಸಿಟೋನ್, ಐಸೋಪ್ರೊಪೈಲ್ ಆಲ್ಕೋಹಾಲ್, ಶುದ್ಧ ನೀರಿನಲ್ಲಿ ತೊಳೆದು ನೈಟ್ರೋಜನ್ ಊದಿ ಒಣಗಿಸಿ. ಮಳೆಗಾಲದಲ್ಲಿ ನಮ್ಮಲ್ಲಿ ತೇವ ಜಾಸ್ತಿ. ಡೆಸಿಕೇಟರಿನ (ತೇವ ತಾಗದಂತೆ ಸ್ಯಾಂಪಲ್ ಇಡುವ ಡಬ್ಬಿ) ನೀಲಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಬಿಸಿ ಮಾಡಿ ಒಣಗಿಸದೆ ಬಳಸಬೇಡಿ.

ಆಮೇಲೆ ಪ್ಲಾಟಿನಂ ಲೇಪ. ಸೆಲೆನಿಯಂ ಸೇರಿದ ಮೇಲೆ ಪೊರೆ ಸುಮಾರು ನಾಲ್ಕು ಪಟ್ಟು ದಪ್ಪವಾಗುತ್ತದೆ. ಒಂದು ಪದರದ ದಪ್ಪ ಸುಮಾರು 0.5 ನ್ಯಾನೋಮೀಟರ್. ಅಂದರೆ 0.5 ನ್ಯಾನೋಮೀಟರ್ ಪ್ಲಾಟಿನಂನಿಂದ ಸುಮಾರು ನಾಲ್ಕು ಪದರ, 3 ನ್ಯಾನೋಮೀಟರ್‌ನಿಂದ ಇಪ್ಪತ್ತನಾಲ್ಕರ ಆಸುಪಾಸು. ಎರಡನ್ನೂ ಮಾಡಿಸಿ, ಹೋಲಿಸಲು ಬೇಕು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಜೊತೆ ಬರುವ ಸಣ್ಣ ಕೋಟರ್ ಇಷ್ಟು ನಯದ ಕೆಲಸಕ್ಕೆ ಆಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದ ಸಲಕರಣೆಗಳನ್ನು ಹೊರಗಿನ ಕಾಲೇಜಿನವರೂ ಬಳಸಲು ಐಎನ್‌ಯುಪಿ ಎಂಬ ಯೋಜನೆ ಇದೆ. ಅರ್ಜಿ ಹಾಕಿ.

ಈಗ ಕುಲುಮೆ. ಕ್ವಾರ್ಟ್ಸ್ ಕೊಳವೆಯಲ್ಲಿ ಅನಿಲ ಬರುವ ಕಡೆ ಸೆಲೆನಿಯಂ ಪುಡಿ, ಮುಂದೆ ತಟ್ಟೆ. ಸೆಲೆನಿಯಂ 221 ಡಿಗ್ರಿಗೆ ಕರಗುತ್ತದೆ, ಆ ಕಡೆಯನ್ನು ಅದರ ಆಸುಪಾಸಿನಲ್ಲೇ ಇಡಿ. ತಟ್ಟೆಯ ಕಡೆ 400 ಡಿಗ್ರಿ. ಆರ್ಗಾನ್ ಹರಿಸಿ ಗಾಳಿಯನ್ನೆಲ್ಲ ಹೊರಹಾಕಿದ ಮೇಲೆ ಸ್ವಲ್ಪ ಹೈಡ್ರೋಜನ್ ಬೆರೆಸಿದ ಆರ್ಗಾನ್ ಬಿಡಿ. ಒಂದೆರಡು ಗಂಟೆ ಕಾಯಿಸಿ, ಅನಿಲ ಹರಿಯುತ್ತಿರುವಾಗಲೇ ತಣ್ಣಗಾಗಲು ಬಿಡಿ.

ಇಲ್ಲಿ ಸುಮ್ನೆ ಧೈರ್ಯ ತೋರಿಸಬೇಡಿ. ಹೈಡ್ರೋಜನ್ ಮತ್ತು ಸೆಲೆನಿಯಂ ಸೇರಿದರೆ ಹೈಡ್ರೋಜನ್ ಸೆಲೆನೈಡ್ ಆಗುತ್ತದೆ, ಅದು ಕಡು ವಿಷ. ಹೊರಹೋಗುವ ಅನಿಲವನ್ನು ಕಾಸ್ಟಿಕ್ ಸೋಡಾ ದ್ರಾವಣದ ಮೂಲಕ ಹಾಯಿಸಿ. ಎಲ್ಲವೂ ಫ್ಯೂಮ್ ಹುಡ್ ಒಳಗೇ, ಮೇಷ್ಟ್ರು ಎದುರಿಗೇ ಇರಲಿ. ಕರೆಂಟ್ ಹೋದರೆ ಕುಲುಮೆ ಆರುವುದು ನಿಧಾನ, ಎಕ್ಸಾಸ್ಟ್ ಫ್ಯಾನ್ ನಿಲ್ಲುವುದು ತಕ್ಷಣ. ಆದ್ದರಿಂದ ಯುಪಿಎಸ್ ಮೊದಲು ಫ್ಯಾನಿಗೆ, ಆಮೇಲೆ ಕಂಪ್ಯೂಟರಿಗೆ.

ಬೆಳೆದದ್ದು ಪ್ಲಾಟಿನಂ ಡೈಸೆಲೆನೈಡ್ ಹೌದೋ ಅಲ್ಲವೋ ಎಂದು ರಾಮನ್ ಸ್ಪೆಕ್ಟ್ರಮ್ (ಲೇಸರ್ ಬಿಟ್ಟು, ಚದುರಿ ಬರುವ ಬೆಳಕಿನಲ್ಲಿ ವಸ್ತುವಿನ ಗುರುತು ಓದುವ ವಿಧಾನ) ಹೇಳುತ್ತದೆ. ಪ್ರತಿ ಸೆಂಟಿಮೀಟರಿಗೆ 175 ಮತ್ತು 205ರ ಹತ್ತಿರ ಎರಡು ಶಿಖರ ಕಾಣಬೇಕು. ಒಂದು ಮಾತು: ಇದು ಒಂದೇ ದೊಡ್ಡ ಹರಳಲ್ಲ, ಪುಟಾಣಿ ಹರಳುಗಳು ಒತ್ತೊತ್ತಾಗಿ ಕೂತ ಪೊರೆ. ವರದಿಯಲ್ಲಿ ಹಾಗೆಯೇ ಬರೆಯಿರಿ.

ಅಳತೆಗೆ ಎಂ.ಎಸ್ಸಿ. ಲ್ಯಾಬಿನ ಫೋರ್ ಪ್ರೋಬ್ ಸೆಟ್ಟೇ ಸಾಕು. ಹೊರಗಿನ ಎರಡು ಸೂಜಿಯಲ್ಲಿ ಕರೆಂಟ್, ಒಳಗಿನ ಎರಡರಲ್ಲಿ ವೋಲ್ಟೇಜ್. ಹೀಗೆ ಮಾಡಿದರೆ ಸೂಜಿ ತಾಗುವ ಜಾಗದ ರೋಧ ಲೆಕ್ಕಕ್ಕೆ ಬರುವುದಿಲ್ಲ. ದಪ್ಪ ಜರ್ಮೇನಿಯಂ ತುಂಡಿಗೆ ಕಲಿತ ಸೂತ್ರ ಇಲ್ಲಿ ನಡೆಯದು. ಸೂಜಿಗಳ ಅಂತರಕ್ಕಿಂತ ಪೊರೆ ಸಾಕಷ್ಟು ಅಗಲವಿದ್ದರೆ, ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ 4.53ರಿಂದ ಗುಣಿಸಿ. ಅದೇ ಶೀಟ್ ರೋಧ, ಅಂದರೆ ಪೊರೆಯ ಒಂದು ಚೌಕ ತುಂಡಿನ ರೋಧ. ಸೂಜಿಯನ್ನು ಗಟ್ಟಿಯಾಗಿ ಒತ್ತಿದರೆ ಆಕ್ಸೈಡ್ ತೂತಾಗಿ ನೀವು ಅಳೆಯುವುದು ಕೆಳಗಿನ ಸಿಲಿಕಾನನ್ನು. ದುಡ್ಡಿದ್ದರೆ ಸಫೈರ್ ತಟ್ಟೆ ತರಿಸಿ, ಈ ಕಾಟವಿಲ್ಲ.

ದ್ರವ ನೈಟ್ರೋಜನ್ ಸಿಕ್ಕರೆ 77 ಕೆಲ್ವಿನ್‌ವರೆಗೆ ತಣಿಸಿ ನೋಡಿ. ತೆಳು ಪೊರೆಯ ರೋಧ ಜಾಸ್ತಿ ಏರುತ್ತದೆ. ದಪ್ಪದ್ದರಲ್ಲಿ ಬದಲಾವಣೆ ಕಡಿಮೆ.

ಕೊನೆಗೆ ಹಾಲ್ ಪ್ರಯೋಗ: ಕರೆಂಟ್ ಹರಿಯುವ ಪೊರೆಯನ್ನು ಕಾಂತಕ್ಷೇತ್ರದಲ್ಲಿಟ್ಟು ಅಡ್ಡಲಾಗಿ ಹುಟ್ಟುವ ವೋಲ್ಟೇಜ್ ಅಳೆಯುವುದು. ಸೆಮಿಮೆಟಲ್‌ನಲ್ಲಿ ಎಲೆಕ್ಟ್ರಾನ್, ಹೋಲ್ (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ, ಧನ ವಿದ್ಯುತ್ ಕಣದಂತೆ ವರ್ತಿಸುತ್ತದೆ) ಎರಡೂ ಓಡಾಡುತ್ತವೆ. ಅವುಗಳ ಹಾಲ್ ವೋಲ್ಟೇಜ್ ಒಂದಕ್ಕೊಂದು ಎದುರು, ಹಾಗಾಗಿ ಮೀಟರ್ ಸೊನ್ನೆಯ ಹತ್ತಿರವೇ ನಿಲ್ಲಬಹುದು. ಇಲ್ಲಿ ಒಂದೇ ಬಗೆಯ ಕಣಕ್ಕೆ ಬರೆದ ಸೂತ್ರ ಹಾಕಿದರೆ ಕಣಗಳ ಸಂಖ್ಯೆ ತಪ್ಪಾಗಿ, ಸಿಕ್ಕಾಪಟ್ಟೆ ಜಾಸ್ತಿ ಬರುತ್ತದೆ. ಸೆಟ್ ಕೆಟ್ಟಿದೆ ಅನ್ನುವ ಮೊದಲು ಅದೇ ಜಾಗದಲ್ಲಿ ಲ್ಯಾಬಿನ ಜರ್ಮೇನಿಯಂ ಸ್ಯಾಂಪಲ್ ಇಟ್ಟು ನೋಡಿ. ಅದು ಸರಿಯಾಗಿ ತೋರಿಸಿದರೆ ನಿಮ್ಮ ಪೊರೆಯ ಸೊನ್ನೆಯೂ ಒಂದು ಫಲಿತಾಂಶವೇ, ರೆಕಾರ್ಡಿನಲ್ಲಿ ಬರೆದುಕೊಳ್ಳಿ.