‘ಬಿಝಿ’ ಅಂತ ಹಟ ಹಿಡಿದ ವಾಲ್ಯೂಮ್‌ಗಳನ್ನು ರೀಬೂಟ್ ಮಾಡದೆ ತೆಗೆದದ್ದು: ನನ್ನ ಅನುಭವ

ವಿಎಂ (ವರ್ಚುವಲ್ ಮೆಷಿನ್) ಅಳಿಸಿ ತಿಂಗಳುಗಳಾಗಿವೆ, ಅದರ ಡಿಸ್ಕ್ ಮಾತ್ರ ಜಾಗ ಬಿಡುವುದಿಲ್ಲ. ವಾಲ್ಯೂಮ್ ಅಳಿಸುವ ಎಲ್‌ವಿರಿಮೂವ್ ಕಮಾಂಡ್ ಕೊಟ್ಟರೆ ‘ಇನ್ ಯೂಸ್’. ಕರ್ನಲ್‌ನಲ್ಲಿರುವ ಅದರ ಮ್ಯಾಪಿಂಗ್ ತೆಗೆಯುವ ಡಿಎಂಸೆಟಪ್ ರಿಮೂವ್ ಕೊಟ್ಟರೆ ‘ಡಿವೈಸ್ ಆರ್ ರಿಸೋರ್ಸ್ ಬಿಝಿ’. ಇದಕ್ಕೆ ನಮ್ಮ ತಂಡದಲ್ಲಿ ಇದ್ದ ಮದ್ದು ಒಂದೇ, ಹೋಸ್ಟ್ (ವಿಎಂಗಳು ಓಡುವ ಸರ್ವರ್) ರೀಬೂಟ್. ಹಿಡಿದುಕೊಂಡಿರೋದು ಯಾವುದು ಅಂತ ಹುಡುಕಿ ಬಿಡಿಸೋಣ ಎಂದು ನಾನು ಹೇಳಿದಾಗ ‘ನೀವು ಹುಡುಕ್ತಾ ಇರಿ, ನಾವು ಡೌನ್‌ಟೈಮ್ ಬುಕ್ ಮಾಡ್ತೀವಿ’ ಎಂದು ನಕ್ಕರು. ಈಗ ಹೆಚ್ಚುಕಮ್ಮಿ 11 ಟಿಬಿ ವಾಪಸ್ ಬಂದಿದೆ, ಅದೂ ಬಹುಪಾಲು ಹಗಲು ಹೊತ್ತಿನಲ್ಲೇ. ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಕೆವಿಎಂ (ಲಿನಕ್ಸ್ ಮೇಲೆ ವಿಎಂ ನಡೆಸುವ ವ್ಯವಸ್ಥೆ) ಕ್ಲಸ್ಟರ್. ಐಸ್ಕಸಿ ಲನ್‌ಗಳು (ಸ್ಟೋರೇಜ್ ಅರೇ ನೆಟ್‌ವರ್ಕ್ ಮೂಲಕ ಕೊಡುವ ಡಿಸ್ಕ್‌ಗಳು), ಅದರ ಮೇಲೆ ಮಲ್ಟಿಪಾತ್ (ಒಂದೇ ಲನ್‌ಗೆ ಇರುವ ಹಲವು ದಾರಿಗಳನ್ನು ಒಂದಾಗಿಸುವುದು), ಅದರ ಮೇಲೆ ಎಲ್ಲ ಹೋಸ್ಟ್‌ಗಳಿಗೂ ಕಾಣುವ ಎಲ್‌ವಿಎಂ (ಡಿಸ್ಕ್‌ಗಳನ್ನು ವಾಲ್ಯೂಮ್ ಗ್ರೂಪ್ ಆಗಿ ಸೇರಿಸಿ ವಾಲ್ಯೂಮ್‌ಗಳಾಗಿ ಹಂಚುವ ಲಿನಕ್ಸ್ ವ್ಯವಸ್ಥೆ). ಒಂದೊಂದು ವಿಎಂ ಡಿಸ್ಕ್‌ಗೂ ಒಂದೊಂದು ಎಲ್‌ವಿ, ಅಂದರೆ ಲಾಜಿಕಲ್ ವಾಲ್ಯೂಮ್. ಇದರಲ್ಲಿ ಹೊಸದೇನೂ ಇಲ್ಲ.

ರೀಬೂಟ್ ಪುಕ್ಕಟೆ ಅಂತ ಅಂದುಕೊಂಡವರು ಲೆಕ್ಕ ಹಾಕಿಲ್ಲ. ಒಂದು ಹೋಸ್ಟ್ ಖಾಲಿ ಮಾಡಲು ಮೂವತ್ತು ಚಿಲ್ಲರೆ ವಿಎಂಗಳನ್ನು ಲೈವ್ ಮೈಗ್ರೇಟ್ ಮಾಡಬೇಕು. ಪಿಸಿಐ ಪಾಸ್‌ಥ್ರೂ (ಹೋಸ್ಟ್‌ನ ಕಾರ್ಡನ್ನು ನೇರ ವಿಎಂಗೆ ಕೊಡುವುದು) ಇರುವವು ಅಲುಗಾಡುವುದಿಲ್ಲ, ಅವುಗಳ ಮಾಲೀಕರಿಂದ ಅನುಮತಿ ತರಬೇಕು. ರಾತ್ರಿ ಪಾಳಿಯ ಭತ್ಯೆ ಬೇರೆ. ಇಷ್ಟೆಲ್ಲ ಆಗಿ ಮೂರು ವಾಲ್ಯೂಮ್ ಹೋದರೆ, ಅದೇ ಬೂಟ್‌ನಲ್ಲಿ ಇನ್ನೆರಡು ಹೊಸದಾಗಿ ಸಿಕ್ಕಿಕೊಳ್ಳುತ್ತಿದ್ದವು. ಈ ಕಡೆ ಅರೇ ಶೇಕಡ 90 ದಾಟಿತ್ತು, ಹೊಸ ಡಿಸ್ಕ್ ಶೆಲ್ಫ್‌ಗೆ ಕೊಟೇಶನ್ ಬಂದಾಗಿತ್ತು. ಯಾರಿಗೂ ಬೇಡವಾದ ಡೇಟಾ ಇಡಲು ಶೆಲ್ಫ್ ಕೊಳ್ಳೋದು ಯಾವ ನ್ಯಾಯ ಅಲ್ವಾ?

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿ ನೋಡಿದೆವು. ಯಾವ ಪ್ರಾಸೆಸ್ ಹಿಡಿದಿದೆ ಅಂತ ತೋರಿಸುವ ಎಲ್‌ಎಸ್‌ಓಎಫ್ ಖಾಲಿ, ಫ್ಯೂಸರ್ ಖಾಲಿ. ಎಲ್‌ವಿರಿಮೂವ್‌ಗೆ ಫೋರ್ಸ್ ಕೊಟ್ಟರೆ ‘ಖಂಡಿತಾನಾ?’ ಎಂಬ ಪ್ರಶ್ನೆ ತಪ್ಪುತ್ತದೆ, ಅಷ್ಟೇ. ಬಳಕೆಯಲ್ಲಿದೆ ಎಂಬ ತಡೆ ತಪ್ಪುವುದಿಲ್ಲ. ತಂಡದ ಒಬ್ಬರು ಡಿಎಂಸೆಟಪ್ ರಿಮೂವ್‌ಗೇ ಫೋರ್ಸ್ ಹಾಕಿದರು. ಅದು ಮ್ಯಾಪಿಂಗ್‌ನ ಟೇಬಲ್ (ಯಾವ ಜಾಗ ಯಾವ ಡಿಸ್ಕ್‌ನಲ್ಲಿದೆ ಎಂಬ ಪಟ್ಟಿ) ಕಿತ್ತು, ಎಲ್ಲ ಐಓಗೂ (ಓದು-ಬರಹಕ್ಕೂ) ಎರರ್ ಕೊಡುವ ಟೇಬಲ್ ಇಡುತ್ತದೆ. ಹಿಡಿದುಕೊಂಡವರು ಹಾಗೇ ಇರುತ್ತಾರೆ, ಡಿವೈಸ್ ಕೂಡ ಹಾಗೇ ಇರುತ್ತದೆ. ಜೊತೆಗೆ ಕರ್ನಲ್ ಲಾಗ್ ತುಂಬ ಐಓ ಎರರ್. ಡಿಫರ್ಡ್ ರಿಮೂವ್ ಕೊಟ್ಟರೆ ಕಡೆಯ ಹಿಡಿತ ಬಿಟ್ಟಾಗ ತಾನೇ ಹೋಗುತ್ತದೆ ಅಂತಾರೆ. ಬಿಡುವವರೇ ಇಲ್ಲದಿದ್ದರೆ ಅದು ಕಾಯುತ್ತಲೇ ಇರುತ್ತದೆ.

ಪ್ರಾಸೆಸ್ ಹುಡುಕುವುದನ್ನು ಬಿಟ್ಟ ಮೇಲೆ ದಾರಿ ಸಿಕ್ಕಿತು. ಡಿಎಂಸೆಟಪ್ ಇನ್ಫೋ ಕೊಟ್ಟರೆ ಓಪನ್ ಎಂಬ ಕಾಲಂ ಬರುತ್ತದೆ. ಅಲ್ಲಿ 1 ಅಥವಾ 2 ಇದೆ, ಆದರೆ ಫ್ಯೂಸರ್‌ಗೆ ಯಾರೂ ಕಾಣುತ್ತಿಲ್ಲ ಅಂದರೆ, ಹಿಡಿದಿರುವುದು ಕರ್ನಲ್ ಒಳಗಿನ ಇನ್ನೊಂದು ಬ್ಲಾಕ್ ಡಿವೈಸ್ ಇರಬಹುದು. ಸಿಸ್ ಬ್ಲಾಕ್ ಕೆಳಗೆ ಆ ಡಿಎಂ (ಡಿವೈಸ್ ಮ್ಯಾಪರ್) ನಂಬರಿನ ಫೋಲ್ಡರ್‌ನಲ್ಲಿ ಹೋಲ್ಡರ್ಸ್ ಅಂತ ಇರುತ್ತದೆ, ಅದನ್ನು ತೆರೆದು ನೋಡಿ. ಒಳಗೆ ಸಿಕ್ಕಿದ ಹೆಸರಿನ ಹೋಲ್ಡರ್ಸ್ ನೋಡಿ. ಖಾಲಿ ಸಿಗುವವರೆಗೂ ಹತ್ತುತ್ತಾ ಹೋಗಿ. ಬಿಚ್ಚುವುದು ಮಾತ್ರ ತುದಿಯಿಂದ ಕೆಳಕ್ಕೆ. ನನ್ನ ವಿಧಾನ ಎಂದರೆ ಮುಖ್ಯವಾಗಿ ಇಷ್ಟೇ. ಹೆಸರು ಹುಡುಕುವಾಗ ಒಂದು ನೆನಪಿರಲಿ: ಎಲ್‌ವಿ ಹೆಸರಲ್ಲಿ ಇರುವ ಒಂದು ಹೈಫನ್, ಮ್ಯಾಪರ್ ಹೆಸರಲ್ಲಿ ಎರಡಾಗುತ್ತದೆ. ಗ್ರೆಪ್ ಮಾಡಿ ಏನೂ ಸಿಗಲಿಲ್ಲ ಎಂದು ಬಂದವರಲ್ಲಿ ಅರ್ಧ ಜನ ಇಲ್ಲೇ ಎಡವಿದ್ದರು.

ತುದಿಯಲ್ಲಿ ಸಿಕ್ಕಿದ್ದೇನು? ಮುಕ್ಕಾಲು ಪಾಲು ಕೇಸ್‌ಗಳಲ್ಲಿ ಗೆಸ್ಟ್‌ನ (ಹೋಸ್ಟ್ ಮೇಲೆ ಓಡುವ ವಿಎಂನ) ಸ್ವಂತ ಎಲ್‌ವಿಎಂ. ವಿಎಂ ಒಳಗೆ ಯಾರೋ ವಾಲ್ಯೂಮ್ ಗ್ರೂಪ್ ಮಾಡಿಕೊಂಡಿರುತ್ತಾರೆ. ಹೋಸ್ಟ್ ಬೂಟ್ ಆದಾಗ ಅದರ ಎಲ್‌ವಿಎಂ ಎಲ್ಲ ಡಿವೈಸ್‌ಗಳನ್ನೂ ಸ್ಕ್ಯಾನ್ ಮಾಡುತ್ತದೆ, ಗೆಸ್ಟ್ ಡಿಸ್ಕ್ ಒಳಗಿನ ಗುರುತನ್ನೂ ಓದುತ್ತದೆ, ತನ್ನದೇ ಅಂದುಕೊಂಡು ಆಕ್ಟಿವೇಟ್ ಮಾಡುತ್ತದೆ. ಬಾಡಿಗೆದಾರರ ಬೀರು ತೆಗೆದು ತನ್ನ ಬಟ್ಟೆ ಜೋಡಿಸುವ ಮನೆ ಮಾಲೀಕನ ಹಾಗೆ. ಆಮೇಲೆ ವಿಎಂ ಅಳಿಸಿದರೂ, ಹೋಸ್ಟ್ ಮೇಲಿನ ಆ ಮ್ಯಾಪಿಂಗ್ ಕೆಳಗಿನ ಡಿಸ್ಕನ್ನು ಬಿಡುವುದಿಲ್ಲ. ರೀಬೂಟ್‌ನಲ್ಲಿ ಹೊಸದಾಗಿ ಸಿಕ್ಕಿಕೊಳ್ಳುತ್ತಿದ್ದದ್ದೂ ಇದೇ ಕಾರಣಕ್ಕೆ.

ಆ ಗ್ರೂಪನ್ನು ವಿಜಿಚೇಂಜ್‌ನಿಂದ ಡಿಆಕ್ಟಿವೇಟ್ ಮಾಡಿದರೆ ಮುಗಿಯಿತು ಅನ್ನಬಹುದು. ಮುಗಿಯಲಿಲ್ಲ. ಒಂದೇ ಟೆಂಪ್ಲೇಟ್‌ನಿಂದ ಕ್ಲೋನ್ ಆದ ವಿಎಂಗಳಲ್ಲಿ ಗ್ರೂಪಿನ ಹೆಸರೂ ಒಂದೇ, ಯುಯುಐಡಿ (ಗುರುತಿನ ಸಂಖ್ಯೆ) ಕೂಡ ಒಂದೇ. ನಮ್ಮಲ್ಲಿ ಎರಡು ಹೋಸ್ಟ್‌ಗಳ ಸ್ವಂತ ರೂಟ್ ಗ್ರೂಪಿಗೂ ಅದೇ ಹೆಸರು! ಹೆಸರು ಕೊಟ್ಟು ಡಿಆಕ್ಟಿವೇಟ್ ಮಾಡಿದರೆ ಯಾವುದಕ್ಕೆ ಬೀಳುತ್ತದೋ ಗೊತ್ತಿಲ್ಲ. ಇಲ್ಲಿ ನನ್ನ ಕೈಹಿಡಿದದ್ದು ಕಾನ್ಫಿಗ್ ಆಪ್ಷನ್. ಆ ಒಂದು ಕಮಾಂಡಿಗೆ ಮಾತ್ರ ಗ್ಲೋಬಲ್ ಫಿಲ್ಟರ್ ಕೊಡುತ್ತೇನೆ: ಈ ಒಂದು ಡಿವೈಸ್ ಒಪ್ಪಿಕೋ, ಉಳಿದದ್ದೆಲ್ಲ ತಿರಸ್ಕರಿಸು. ಆಗ ಎಲ್‌ವಿಎಂ ಕಣ್ಣಿಗೆ ಆ ಒಂದು ಡಿಸ್ಕ್ ಬಿಟ್ಟು ಬೇರೇನೂ ಬೀಳುವುದಿಲ್ಲ. ಮೊದಲು ಗ್ರೂಪ್‌ಗಳ ಪಟ್ಟಿ ಕೊಡುವ ವಿಜಿಎಸ್ ಓಡಿಸಿ ಒಂದೇ ಗ್ರೂಪ್ ಕಾಣುತ್ತಿದೆ ಅಂತ ಖಚಿತ ಮಾಡಿಕೊಳ್ಳುತ್ತೇನೆ, ಆಮೇಲೆ ಡಿಆಕ್ಟಿವೇಟ್.

ಇನ್ನು ಕೆಲವು ತುದಿಗಳು. ಕೆಪಾರ್ಟ್‌ಎಕ್ಸ್‌ನಿಂದ ಯಾರೋ ಪಾರ್ಟಿಷನ್ ತೆರೆದು ಬಿಟ್ಟುಹೋದದ್ದು. ಫೈಲ್ ರಿಸ್ಟೋರ್‌ಗೆ ಕ್ಯೂಎಂಯು-ಎನ್‌ಬಿಡಿ (ವಿಎಂ ಡಿಸ್ಕನ್ನು ಹೋಸ್ಟ್‌ನಲ್ಲಿ ತೆರೆಯುವ ಸಾಧನ) ಕಟ್ಟಿ ಬಿಚ್ಚದೇ ಇದ್ದದ್ದು. ಗೆಸ್ಟ್ ಒಳಗಿನ ಸಾಫ್ಟ್‌ವೇರ್ ರೇಡ್ ಹೋಸ್ಟ್ ಮೇಲೆ ಎಂಡಿ127 ಆಗಿ ಜೋಡಣೆಯಾದದ್ದು. ಕೊನೆಯದು ನಿಜಕ್ಕೂ ಅಪಾಯ. ಗೆಸ್ಟ್ ಓಡುತ್ತಿರುವಾಗಲೇ ಹೋಸ್ಟ್ ಕೂಡ ಅದೇ ರೇಡ್‌ನ ಸೂಪರ್‌ಬ್ಲಾಕ್‌ಗೆ (ರೇಡ್‌ನ ಮಾಹಿತಿ ಇರುವ ಭಾಗಕ್ಕೆ) ಬರೆಯಬಹುದು, ರೀಸಿಂಕ್ ಶುರು ಮಾಡಿದರೂ ಆಶ್ಚರ್ಯವಿಲ್ಲ. ಎಂಡಿಎಡಿಎಂ ಸ್ಟಾಪ್ ಕೊಟ್ಟು, ಕಾನ್ಫಿಗ್‌ನಲ್ಲಿ ಆಟೋ ಸಾಲಿಗೆ ‘-ಆಲ್’ ಹಾಕಿ ಆ ಬಾಗಿಲು ಮುಚ್ಚಿದ್ದೇನೆ.

ಹೋಲ್ಡರ್ಸ್ ಖಾಲಿ, ಫ್ಯೂಸರ್ ಖಾಲಿ, ಆದರೂ ಓಪನ್ 1. ಇದು ತಲೆ ತಿಂದ ಕೇಸ್. ಮೌಂಟ್ ಆಗಿದ್ದದ್ದು ನಿಜ, ಆದರೆ ಬೇರೆ ಮೌಂಟ್ ನೇಮ್‌ಸ್ಪೇಸ್‌ನಲ್ಲಿ (ಕೆಲವು ಪ್ರಾಸೆಸ್‌ಗಳಿಗೆ ತಮ್ಮದೇ ಬೇರೆ ಮೌಂಟ್ ಪಟ್ಟಿ ಇರುತ್ತದೆ). ಹೋಸ್ಟ್‌ನಲ್ಲಿ ಅನ್‌ಮೌಂಟ್ ಮಾಡಿದ್ದರೂ, ಅದಕ್ಕೆ ಮೊದಲೇ ಶುರುವಾಗಿದ್ದ ಒಂದು ಸರ್ವಿಸ್ ತನ್ನ ಪ್ರತಿಯನ್ನು ಇಟ್ಟುಕೊಂಡಿತ್ತು. ಪ್ರಾಕ್ ಕೆಳಗಿನ ಎಲ್ಲ ಪಿಐಡಿಗಳ ಮೌಂಟ್‌ಇನ್ಫೋ ಫೈಲ್‌ಗಳಲ್ಲಿ ಆ ಡಿವೈಸಿನ ಮೇಜರ್-ಮೈನರ್ ನಂಬರ್ ಗ್ರೆಪ್ ಮಾಡಿದರೆ ಸಿಗುತ್ತದೆ. ಎನ್‌ಎಸ್‌ಎಂಟರ್‌ನಿಂದ ಆ ನೇಮ್‌ಸ್ಪೇಸ್ ಹೊಕ್ಕು ಅನ್‌ಮೌಂಟ್ ಮಾಡಿ, ಇಲ್ಲವೇ ಆ ಸರ್ವಿಸನ್ನೇ ರೀಸ್ಟಾರ್ಟ್ ಮಾಡಿ.

ಹಂಚಿಕೊಂಡ ಎಲ್‌ವಿಎಂನಲ್ಲಿ ಎರರ್ ಬಂದರೆ ಚಿಂತೆಯಿಲ್ಲ, ಬಾರದಿದ್ದರೇ ಚಿಂತೆ. ಮೊದಲನೇ ಹೋಸ್ಟ್‌ನಲ್ಲಿ ಎಲ್‌ವಿರಿಮೂವ್ ಸಲೀಸಾಗಿ ಆಯಿತು ಅನ್ನಿ. ಮೂರನೇ ಹೋಸ್ಟ್‌ನಲ್ಲಿ ಅದೇ ಎಲ್‌ವಿ ಇನ್ನೂ ಆಕ್ಟಿವ್ ಇದ್ದರೆ, ಅಲ್ಲಿನ ಡಿಎಂ ಟೇಬಲ್ ಹಾಗೇ ಉಳಿಯುತ್ತದೆ. ಆ ಜಾಗವನ್ನು ನಾಳೆ ಹೊಸ ವಿಎಂಗೆ ಕೊಟ್ಟಾಗ, ಹಳೆಯ ಮ್ಯಾಪಿಂಗ್ ಮೂಲಕ ಯಾರಾದರೂ ಬರೆದರೆ ಅದು ಹೊಸ ಡಿಸ್ಕ್ ಮೇಲೆ ಬೀಳುತ್ತದೆ. ಅದಕ್ಕೇ ಅಳಿಸುವ ಮೊದಲು ಎಲ್ಲ ಹೋಸ್ಟ್‌ಗಳಲ್ಲೂ ಓಪನ್ ನೋಡಿ, ಎಲ್ಲ ಕಡೆ ಡಿಆಕ್ಟಿವೇಟ್ ಮಾಡಿ, ಒಂದು ಕಡೆಯಿಂದ ಅಳಿಸುತ್ತೇನೆ. ಹೀಗೆ ಅನಾಥವಾದ ಮ್ಯಾಪಿಂಗ್‌ಗಳನ್ನು ಎಲ್ಲ ಹೋಸ್ಟ್‌ಗಳಿಂದ ಒಟ್ಟಿಗೆ ಹಿಡಿಯುವ ಸ್ಕ್ರಿಪ್ಟ್ ಒಂದು ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಹಾಕುವುದಿಲ್ಲ, ಬೆವರು ಸುರಿಸಿ ಬರೆದದ್ದು. ಸುಳಿವು ಬೇಕಾದರೆ: ಡಿಎಂಸೆಟಪ್ ಟೇಬಲ್ ಹೇಳುವ ಜಾಗಕ್ಕೂ, ಎಲ್‌ವಿಎಸ್ ಹೇಳುವ ಸೆಗ್ಮೆಂಟ್ ಜಾಗಕ್ಕೂ ತಾಳೆ ನೋಡಿ.

ಮತ್ತೆ ಸಿಕ್ಕಿಕೊಳ್ಳದ ಹಾಗೆ ಮಾಡುವುದು ಸುಲಭ. ಎಲ್‌ವಿಎಂ ಕಾನ್ಫ್ ಫೈಲಿನ ಗ್ಲೋಬಲ್ ಫಿಲ್ಟರ್‌ನಲ್ಲಿ ಗೆಸ್ಟ್ ಡಿಸ್ಕ್‌ಗಳನ್ನು ಹೊರಗಿಡಿ. ಜೆಡ್‌ವಾಲ್ (ಜೆಡ್‌ಎಫ್‌ಎಸ್‌ನ ವಾಲ್ಯೂಮ್), ಆರ್‌ಬಿಡಿ (ಸೆಫ್ ಸ್ಟೋರೇಜಿನ ಡಿಸ್ಕ್) ಇದ್ದರೆ ಅವನ್ನೂ. ಹೊಸ ಎಲ್‌ವಿಎಂಗಳಲ್ಲಿ ಎಲ್‌ವಿ ಒಳಗೆ ಇಣುಕುವ ಸ್ಕ್ಯಾನ್ ಎಲ್‌ವಿಎಸ್ ಸೆಟ್ಟಿಂಗ್ ಮೊದಲೇ ಸೊನ್ನೆ ಇರುತ್ತದೆ. ರೆಡ್ ಹ್ಯಾಟ್ 9ರಲ್ಲಿ ಡಿವೈಸಸ್ ಫೈಲ್ (ಎಲ್‌ವಿಎಂ ನೋಡಬಹುದಾದ ಡಿಸ್ಕ್‌ಗಳ ಪಟ್ಟಿ) ಇರುವುದರಿಂದ ಅಲ್ಲಿ ಈ ಕಾಟ ಇನ್ನೂ ಕಡಿಮೆ. ಆದರೆ ಡಿವೈಸಸ್ ಫೈಲ್ ಇಲ್ಲದ ಕಡೆ, ಲನ್ ಅನ್ನೇ ನೇರ ಗೆಸ್ಟ್‌ಗೆ ಕೊಟ್ಟಿದ್ದರೆ ಫಿಲ್ಟರ್ ಬೇಕೇ ಬೇಕು. ಫಿಲ್ಟರ್ ಹಾಕಿದ ಮೇಲೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಮೊದಲ ಹಂತದಲ್ಲಿ ಬಳಸುವ ಫೈಲ್‌ಗಳ ಕಟ್ಟು) ಮತ್ತೆ ಕಟ್ಟಿ. ಅದರೊಳಗೆ ಕಾನ್ಫ್ ಫೈಲಿನ ಹಳೆಯ ಪ್ರತಿ ಇರುತ್ತದೆ, ಬೂಟ್ ಆಗುವಾಗ ಅದೇ ನಡೆಯುತ್ತದೆ. ಬೇರೊಂದು ತಂಡ ನನ್ನ ಫಿಲ್ಟರ್ ನಕಲು ಮಾಡಿ ‘ಕೆಲಸ ಮಾಡ್ತಿಲ್ಲ’ ಎಂದು ದೂರಿತ್ತು. ಬಿಟ್ಟಿದ್ದದ್ದು ಇದನ್ನೇ.

ಇಡೀ ಲನ್ ತೆಗೆಯುವಾಗ ಕ್ರಮ ಮುಖ್ಯ. ಗ್ರೂಪ್ ಡಿಆಕ್ಟಿವೇಟ್, ಮಲ್ಟಿಪಾತ್ ಮ್ಯಾಪ್ ಫ್ಲಶ್, ಒಂದೊಂದು ಪಾತ್ ಡಿಲೀಟ್. ಇಷ್ಟು ಎಲ್ಲ ಹೋಸ್ಟ್‌ಗಳಲ್ಲೂ ಆದ ಮೇಲೇ ಅರೇ ಕಡೆ ಅನ್‌ಮ್ಯಾಪ್. ಸ್ಟೋರೇಜ್ ನೋಡಿಕೊಳ್ಳುವವರು ಒಮ್ಮೆ ಅವಸರಪಟ್ಟು ಮೊದಲೇ ಅನ್‌ಮ್ಯಾಪ್ ಮಾಡಿಬಿಟ್ಟರು. ಕ್ಯೂ ಇಫ್ ನೋ ಪಾತ್ (ದಾರಿ ಇಲ್ಲದಿದ್ದರೆ ಕಾಯಿಸು) ಸೆಟ್ಟಿಂಗ್ ಇದ್ದದ್ದರಿಂದ ಐಓಗಳು ಕಾಯುತ್ತಾ ನಿಂತವು. ವಿಜಿಎಸ್ ಹೊಡೆದರೆ ಅದೂ ಡಿ ಸ್ಟೇಟ್‌ಗೆ (ಐಓಗೆ ಕಾಯುವ ಸ್ಥಿತಿಗೆ) ಹೋಗಿ ಕೂರುತ್ತದೆ, ಕಿಲ್ 9ಕ್ಕೂ ಬಗ್ಗುವುದಿಲ್ಲ. ಡಿಎಂಸೆಟಪ್ ಮೆಸೇಜ್‌ನಿಂದ ಆ ಮ್ಯಾಪಿಗೆ ಫೇಲ್ ಇಫ್ ನೋ ಪಾತ್ ಕಳಿಸಿದರೆ ಕಾಯುವ ಐಓಗಳು ಎರರ್ ಆಗಿ ಬಿಡುಗಡೆಯಾಗುತ್ತವೆ. ಒಂದು ಹೋಸ್ಟ್ ಮಾತ್ರ ಅದಕ್ಕೂ ಬಗ್ಗಲಿಲ್ಲ, ರೀಬೂಟ್ ಮಾಡಿಸಿದೆ. ನಕ್ಕವರಿಗೆ ಅದೊಂದು ಸಿಕ್ಕಿತು.

ಇದೇ ಗುಂಗಿನಲ್ಲಿ ಬೇರೆ ಕಡೆಯೂ ಕೈ ಹಾಕಿದೆ. ಸೆಫ್‌ನಲ್ಲಿ ‘ಇಮೇಜ್ ಹ್ಯಾಸ್ ವಾಚರ್ಸ್’ ಬಂದರೆ ಆರ್‌ಬಿಡಿ ಸ್ಟೇಟಸ್ ವಾಚರ್‌ನ ಐಪಿಯನ್ನೇ ಕೊಡುತ್ತದೆ, ಎಲ್‌ವಿಎಂಗಿಂತ ಎಷ್ಟೋ ವಾಸಿ. ಕ್ಲೈಂಟ್ ಸತ್ತಿದ್ದರೆ 30 ಸೆಕೆಂಡ್ ಕಾಯಿರಿ, ತಾನೇ ಹೋಗುತ್ತದೆ. ಹೋಗದಿದ್ದರೆ ಆ ಹೋಸ್ಟ್‌ನಲ್ಲಿ ಇನ್ನೂ ಮ್ಯಾಪ್ ಆಗಿದೆ ಅಥವಾ ಯಾವುದೋ ಪ್ರಾಸೆಸ್ ಅದನ್ನು ತೆರೆದಿದೆ ಎಂದರ್ಥ. ಜೆಡ್‌ಎಫ್‌ಎಸ್‌ನ ‘ಡೇಟಾಸೆಟ್ ಈಸ್ ಬಿಝಿ’ಯಲ್ಲೂ ಹಲವು ಸಲ ಸಿಕ್ಕಿದ್ದು ಜೆಡ್‌ವಾಲ್ ಮೇಲೆ ಎದ್ದ ಗೆಸ್ಟ್ ಎಲ್‌ವಿಎಂ. ಇನ್ನೊಮ್ಮೆ ಅರ್ಧಕ್ಕೆ ನಿಂತ ರಿಸೀವ್.

ವಿಎಂವೇರ್‌ನ ಇಎಸ್‌ಎಕ್ಸ್‌ಐ ಬೇರೆಯೇ ಜಾತಿ. ಡೇಟಾಸ್ಟೋರ್‌ನಲ್ಲಿ ಒಂದೂ ವಿಎಂ ಇಲ್ಲ, ಆದರೂ ಅನ್‌ಮೌಂಟ್ ಆಗುವುದಿಲ್ಲ. ಅಲ್ಲಿ ಹಿಡಿದಿರುವುದು ಹೆಚ್ಚಾಗಿ ಹೋಸ್ಟ್‌ನ ಸ್ವಂತ ಸಾಮಾನು: ಸಿಸ್‌ಲಾಗ್ ಫೋಲ್ಡರ್, ಸ್ಕ್ರ್ಯಾಚ್, ಕೋರ್‌ಡಂಪ್ ಫೈಲ್, ಎಚ್‌ಎ ಹಾರ್ಟ್‌ಬೀಟ್, ಸ್ಟೋರೇಜ್ ಐಓ ಕಂಟ್ರೋಲ್. ಯಾವುದೋ ವಿಎಂನ ಸಿಡಿ ಡ್ರೈವ್‌ನಲ್ಲಿ ಮರೆತ ಐಎಸ್‌ಓ ಕೂಡ ಸಾಕು. ನಾನು ಮೊದಲು ನೋಡುವುದು ಕೋರ್‌ಡಂಪ್.

ಇಷ್ಟಾದ ಮೇಲೂ ಅರೇ ಕಡೆಯ ಬಳಕೆ ಇಳಿಯಲಿಲ್ಲ! ಹತ್ತಾರು ಎಲ್‌ವಿ ಹೋಗಿವೆ, ಗ್ರೂಪಿನಲ್ಲಿ ಜಾಗ ಕಾಣುತ್ತದೆ, ಥಿನ್ ಅರೇಗೆ (ಬಳಸಿದಷ್ಟೇ ಜಾಗ ಕೊಡುವ ಅರೇಗೆ) ಮಾತ್ರ ಸುದ್ದಿಯೇ ಮುಟ್ಟಿಲ್ಲ. ಎಲ್‌ವಿಎಂ ಕಾನ್ಫ್‌ನಲ್ಲಿ ಇಶ್ಯೂ ಡಿಸ್ಕಾರ್ಡ್ಸ್ (ಖಾಲಿಯಾದ ಜಾಗವನ್ನು ಅರೇಗೆ ತಿಳಿಸುವ ಸೆಟ್ಟಿಂಗ್) ಸೊನ್ನೆ ಇದ್ದರೆ ಹೀಗೇ, ಮತ್ತು ಮೊದಲಿಂದ ಇರುವುದು ಸೊನ್ನೆಯೇ. ಅದನ್ನು ಒಂದು ಮಾಡಬಹುದು, ನಾನು ಮಾಡಲಿಲ್ಲ. ಡಿಸ್ಕಾರ್ಡ್ ಹೋದ ಮೇಲೆ ವಿಜಿಸಿಎಫ್‌ಜಿರಿಸ್ಟೋರ್‌ನಿಂದ ಮೆಟಾಡೇಟಾ ತಂದರೂ ಒಳಗೆ ಡೇಟಾ ಇರುವುದಿಲ್ಲ. ನನ್ನ ಪದ್ಧತಿ ಹೀಗೆ: ಮೊದಲು ಹೆಸರು ಬದಲಿಸಿ ಎರಡು ವಾರ ಬಿಡುವುದು. ಯಾರೂ ಕೂಗದಿದ್ದರೆ ಬ್ಲಾಕ್‌ಡಿಸ್ಕಾರ್ಡ್, ಆಮೇಲೆ ಎಲ್‌ವಿರಿಮೂವ್. ಮೊದಲೇ ಅಳಿಸಿಬಿಟ್ಟಿದ್ದ ಜಾಗಕ್ಕೆ, ಗ್ರೂಪಿನ ಖಾಲಿ ಭಾಗದಲ್ಲಿ ತಾತ್ಕಾಲಿಕ ಎಲ್‌ವಿ ಮಾಡಿ ಅದರ ಮೇಲೆ ಓಡಿಸಿದೆ. ಶೇಕಡ 90 ಇದ್ದದ್ದು 70ರ ಆಸುಪಾಸಿಗೆ ಬಂತು. ಶೆಲ್ಫ್ ಕೊಟೇಶನ್ ಮುಂದಿನ ಬಜೆಟ್‌ಗೆ ಹೋಯಿತು, ಟಿಬಿ ಲೆಕ್ಕದಲ್ಲಿ ಕಟ್ಟುವ ಬ್ಯಾಕಪ್ ಲೈಸೆನ್ಸ್‌ನಲ್ಲೂ ಒಂದು ಹಂತ ಕೆಳಗಿಳಿದೆವು.

ಬ್ಲಾಕ್‌ಡಿಸ್ಕಾರ್ಡ್ ಬಗ್ಗೆ ಎರಡು ಮಾತು. ಹೊಸ ಆವೃತ್ತಿಗಳಲ್ಲಿ, ಫೋರ್ಸ್ ಕೊಡದಿದ್ದರೆ, ಮೌಂಟ್ ಆಗಿರುವುದನ್ನು ಅದು ಮುಟ್ಟುವುದಿಲ್ಲ, ಆದರೆ ಓಡುತ್ತಿರುವ ಕ್ಯೂಎಂಯು (ವಿಎಂ ನಡೆಸುವ ಪ್ರಾಸೆಸ್) ಹಿಡಿದ ಡಿಸ್ಕನ್ನು ಮುಲಾಜಿಲ್ಲದೆ ಒರೆಸುತ್ತದೆ. ಕ್ಯೂಎಂಯು ಎಕ್ಸ್‌ಕ್ಲೂಸಿವ್ ಆಗಿ ಓಪನ್ ಮಾಡುವುದಿಲ್ಲವಲ್ಲ. ಹಾಗಾಗಿ ಓಪನ್ ಸೊನ್ನೆ ಎಂದು ಎಲ್ಲ ಹೋಸ್ಟ್‌ಗಳಲ್ಲೂ ನೋಡದೆ ಎಂಟರ್ ಒತ್ತಬೇಡಿ. ಎರಡನೆಯದು, ಒಂದೇ ಏಟಿಗೆ ಟಿಬಿಗಟ್ಟಲೆ ಅನ್‌ಮ್ಯಾಪ್ ಕಳಿಸಿದರೆ ಅರೇ ಉಸಿರು ಕಟ್ಟುತ್ತದೆ, ಉಳಿದ ವಿಎಂಗಳ ಲೇಟೆನ್ಸಿ ಏರುತ್ತದೆ. ಸ್ಟೆಪ್ ಆಪ್ಷನ್ ಕೊಟ್ಟು ತುಂಡು ತುಂಡಾಗಿ ಕಳಿಸಿ. ನಾನು ಸುಮಾರು 1 ಜಿಬಿ ಇಟ್ಟುಕೊಂಡಿದ್ದೆ. ನಿಮ್ಮ ಅರೇಗೆ ಎಷ್ಟು ಸರಿ ಅನ್ನೋದನ್ನು ಸಣ್ಣ ವಾಲ್ಯೂಮ್ ಮೇಲೆ ಮೊದಲು ನೋಡಿಕೊಳ್ಳಿ.